ಪಿಸ್ತೂಲಿನ ಸೇಫ್ಟಿ ಮತ್ತು ರಾತ್ರಿ ಅದನ್ನ ಖಾಲಿ ಮಾಡೋ ಹೊತ್ತು

ಸೇಫ್ಟಿ, ಅಂದ್ರೆ ಗುಂಡು ತಪ್ಪಿ ಹಾರದ ಹಾಗೆ ಹೆಬ್ಬೆರಳಲ್ಲಿ ಹಾಕಿ ತೆಗೆಯೋ ಪುಟ್ಟ ಲಿವರ್, ಇರೋ ಪಿಸ್ತೂಲ್ ಒಳ್ಳೇದಾ ಇಲ್ದಿರೋದು ಒಳ್ಳೇದಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ರಾತ್ರಿ ಮನೆಗೆ ಬಂದ್ಮೇಲೆ ಅದನ್ನ ಎಲ್ಲಿ ನಿಂತು ಗುಂಡು ತೆಗೆದು ಖಾಲಿ ಮಾಡ್ತೀರಾ? ಬಹಳ ಜನಕ್ಕೆ ಇದಕ್ಕೆ ಉತ್ತರ ಇರಲ್ಲ. ಯಾಕಂದ್ರೆ ಅವರು ತಲೆ ಕೆಡಿಸ್ಕೊಂಡಿರೋದೆಲ್ಲ ಕಳ್ಳ ಎದುರಿಗೆ ಬಂದು ನಿಂತಾಗ ಏನು ಮಾಡ್ಬೇಕು ಅನ್ನೋದ್ರ ಬಗ್ಗೆ, ಆ ಹೊತ್ತಲ್ಲಿ ಹೆಬ್ಬೆರಳು ಸೇಫ್ಟಿ ತೆಗೆಯೋದನ್ನ ಮರೆತುಬಿಟ್ರೆ ಏನು ಗತಿ ಅನ್ನೋದ್ರ ಬಗ್ಗೆ. ಅಮೆರಿಕದವರು ಈ ವಾದ ವರ್ಷಗಟ್ಟಲೆ ಮಾಡ್ಕೊಂಡು ಬಂದಿದ್ದಾರೆ. ಗಾಬರಿಲಿ ಬೆರಳು ಸಣ್ಣ ಕೆಲಸ ಮಾಡಲ್ಲ, ಹಾಗಾಗಿ ಲಿವರೇ ಬೇಡ ಅನ್ನೋರು ಒಂದು ಕಡೆ. ಮಸಾದ್ ಅಯೂಬ್ ಥರದ ಹಿರಿಯ ತರಬೇತುದಾರರು ಇನ್ನೊಂದು ಕಡೆ, ಎದುರಾಳಿ ಪಿಸ್ತೂಲ್ ಕಿತ್ಕೊಂಡ್ರೂ ಲಿವರ್ ಎಲ್ಲಿದೆ ಅಂತ ಹುಡುಕೋ ಅಷ್ಟರಲ್ಲಿ ನಿಮಗೆ ಒಂದೆರಡು ಸೆಕೆಂಡ್ ಸಿಗುತ್ತೆ ಅಂತಾರೆ. ಎರಡೂ ಮಾತು ಸರಿನೇ. ಆದ್ರೆ ಎರಡೂ ಹುಟ್ಟಿರೋದು ದಿನಾ ಸೊಂಟದಲ್ಲಿ ಪಿಸ್ತೂಲ್ ಇಟ್ಕೊಂಡು, ಬೇಕಾದಷ್ಟು ಗುಂಡು ಕೊಂಡು ಪ್ರಾಕ್ಟೀಸ್ ಮಾಡೋ ಜನರ ಮಧ್ಯೆ. ನಮ್ಮ ಊರಲ್ಲಿ ಪಿಸ್ತೂಲಿನ ಬದುಕೇ ಬೇರೆ ಥರ, ಅದನ್ನ ನೋಡ್ದೆ ಅಲ್ಲಿನ ತೀರ್ಮಾನ ಇಲ್ಲಿಗೆ ತಂದು ಹಚ್ಚಿದ್ರೆ ಯಾರಿಗೋ ಕಾಲಿಗೆ ಗುಂಡು ಬೀಳುತ್ತೆ ಅನ್ನೋ ಭಯ ನಂಗಿದೆ.

ಬೆಂಗಳೂರಲ್ಲಿ ಲೈಸೆನ್ಸ್ ಇಟ್ಕೊಂಡಿರೋರು ಯಾರು ನೋಡಿ. ಅವೆನ್ಯೂ ರೋಡ್, ನಗರ್ತಪೇಟೆ ಕಡೆ ಚಿನ್ನ ಬೆಳ್ಳಿ ವ್ಯಾಪಾರದೋರು, ಕ್ಯಾಶ್ ಓಡಾಡಿಸೋರು, ಜಮೀನು ವ್ಯವಹಾರದೋರು, ಊರಾಚೆ ತೋಟದ ಮನೇಲಿ ಇರೋರು, ರಿಟೈರ್ಡ್ ಆರ್ಮಿಯೋರು. ಅರ್ಜಿ ಪೊಲೀಸ್ ಕಮಿಷನರ್ ಆಫೀಸಿಗೆ ಹೋಗುತ್ತೆ, ಸ್ಟೇಷನ್ನಿಂದ ವೆರಿಫಿಕೇಶನ್ ಆಗುತ್ತೆ, ಯಾಕೆ ಬೇಕು ಅಂತ ಒಪ್ಪಿಸ್ಬೇಕು. 9 ಎಂಎಂ ನಮ್ಮಂಥೋರಿಗೆ ಸಿಗಲ್ಲ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ), ಹಾಗಾಗಿ ಹೆಚ್ಚಿನೋರ ಹತ್ರ ಇರೋದು .32. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಮೂರು ವರ್ಷದ ಬದಲು ಐದು ವರ್ಷ. ಗುಂಡು ಲೈಸೆನ್ಸಲ್ಲಿ ಬರೆದಷ್ಟೇ, ಅದೂ ದುಬಾರಿ. ಹೊರಗಿನ ಪಿಸ್ತೂಲ್ ಬರೋದು ಎಂಬತ್ತರ ದಶಕದಲ್ಲೇ ಹೆಚ್ಚುಕಮ್ಮಿ ನಿಂತುಹೋಯ್ತು, ಅದಕ್ಕೇ ತಾತನ ಕಾಲದ ಪಿಸ್ತೂಲು ಅಪ್ಪನಿಗೆ, ಅಪ್ಪನಿಂದ ಮಗನಿಗೆ ಅಂತ ಬೀರುವಿನಿಂದ ಬೀರುವಿಗೆ ಓಡಾಡ್ತಾ ಇರುತ್ತೆ. ಈ ಜನ ವರ್ಷಕ್ಕೆ ಎಷ್ಟು ಗುಂಡು ಹಾರಿಸ್ತಾರೆ? ತುಂಬಾ ಜನ ಒಂದೂ ಇಲ್ಲ. ಆದ್ರೆ ತುಂಬೋದು, ಖಾಲಿ ಮಾಡೋದು, ಒರೆಸೋದು, ಬೀರುವಿಂದ ತೆಗೆದು ಸೊಂಟಕ್ಕೆ ಸಿಕ್ಕಿಸೋದು, ಕಾರಲ್ಲಿ ಕೂತ್ಕೊಳ್ಳುವಾಗ ಚುಚ್ಚುತ್ತೆ ಅಂತ ತೆಗೆದು ಪಕ್ಕದ ಸೀಟಲ್ಲಿ ಇಡೋದು, ಇದು ನಡೀತಾನೇ ಇರುತ್ತೆ. ಅಪಾಯ ಇರೋದು ಇಲ್ಲಿ. ಸೇಫ್ಟಿಯ ಬೆಲೆ ಅಳೀಬೇಕಾಗಿರೋದೂ ಇಲ್ಲೇ.

ನಮ್ಮ ಸೋದರಮಾವನ ಹತ್ರ ಇರೋದು ವಾಲ್ಥರ್ ಪಿಪಿ, ತಾತನಿಂದ ಬಂದಿದ್ದು. 1929ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ ಇದು, ಇದರ ಚಿಕ್ಕ ರೂಪವೇ ಪಿಪಿಕೆ. ಮಾವನದ್ದು ಅವೆನ್ಯೂ ರೋಡಲ್ಲಿ ಬೆಳ್ಳಿ ಅಂಗಡಿ, ಮನೆ ಹನುಮಂತನಗರ. ಮಾಲು ಜಾಸ್ತಿ ಇದ್ದ ದಿನ ಮಾತ್ರ ಸೊಂಟಕ್ಕೆ ಹಾಕ್ಕೋತಾರೆ. ಕಾಲೇಜಲ್ಲಿ ನಾನು .22 ಸ್ಪೋರ್ಟ್ಸ್ ಪಿಸ್ತೂಲ್ ಶೂಟ್ ಮಾಡ್ತಿದ್ದೆ ಅನ್ನೋ ಕಾರಣಕ್ಕೆ ಮನೇಲಿ ಬಂದೂಕಿನ ಮಾತು ಬಂದ್ರೆ ಎಲ್ಲರೂ ನನ್ನ ಕಡೆ ನೋಡ್ತಾರೆ, ಮಾವನೂ ಅಷ್ಟೇ, ಪಿಸ್ತೂಲ್ ಖಾಲಿ ಮಾಡಿ ಬಟ್ಟೆ ಮೇಲೆ ಇಟ್ಟು "ನೋಡೇ ಪುಟ್ಟಿ, ಈ ಲಾಕ್ ಯಾಕೋ ಬಿಗಿ ಆಗಿದೆ" ಅಂದ್ರು. ಸ್ಲೈಡಿನ (ಪಿಸ್ತೂಲಿನ ಮೇಲ್ಗಡೆ ಹಿಂದೆ ಮುಂದೆ ಜಾರೋ ಭಾಗ) ಎಡಗಡೆ ಹಿಂಭಾಗದಲ್ಲಿ ಇರೋ ಆ ಪುಟ್ಟ ಲಿವರನ್ನ ಬೆಳಕಿಗೆ ಹಿಡಿದು ನೋಡಿದ್ರೆ ಅದರ ಬುಡದ ಸಂದಿಲಿ ಕುಂಕುಮ. ಆಯುಧಪೂಜೆಗೆ ಇಟ್ಟಾಗ ಬಿದ್ದಿದ್ದು, ಹಳೇ ಎಣ್ಣೆ ಜೊತೆ ಸೇರಿ ಗಟ್ಟಿ ಆಗಿ ಕೂತಿತ್ತು. ಲಿವರ್ ಕೆಳಗೆ ತಳ್ಳಿದ್ರೆ ಮುಕ್ಕಾಲು ದಾರಿ ಹೋಗಿ ನಿಲ್ತಾ ಇತ್ತು. ಕಣ್ಣಿಗೆ ಸೇಫ್ಟಿ ಬಿದ್ದ ಹಾಗೇ ಕಾಣುತ್ತೆ, ಸೇಫ್ಟಿ ತೆಗೆದಿದೆ ಅಂತ ತೋರಿಸೋ ಕೆಂಪು ಚುಕ್ಕೆನೂ ಹೆಚ್ಚುಕಮ್ಮಿ ಮುಚ್ಚಿಹೋಗಿರುತ್ತೆ, ಒಳಗೆ ಏನು ಆಗಿದೆ ಅಂತ ಹೇಳೋಕಾಗಲ್ಲ.

ಒಳಗೆ ಏನಾಗುತ್ತೆ ಅನ್ನೋದು ಗೊತ್ತಿರಲೇಬೇಕು, ಯಾಕಂದ್ರೆ ಎಲ್ಲ ಸೇಫ್ಟಿನೂ ಒಂದೇ ಕೆಲಸ ಮಾಡಲ್ಲ. ಕೆಲವು ಟ್ರಿಗರನ್ನ ಮಾತ್ರ ಹಿಡ್ಕೊಳ್ಳುತ್ತೆ. ಕೆಲವು ಹ್ಯಾಮರನ್ನ, ಅಂದ್ರೆ ಹಿಂದಿನಿಂದ ಹೊಡೆಯೋ ಸುತ್ತಿಗೆಯಂಥ ಭಾಗಾನ, ಹಿಡಿದಿಟ್ಟಿರೋ ಕೊಂಡಿಯನ್ನ ಅಲುಗಾಡದ ಹಾಗೆ ಮಾಡುತ್ತೆ. ವಾಲ್ಥರ್ ಪಿಪಿಲಿ ಲಿವರ್ ಕೆಳಗೆ ಬಂದಾಗ ಹ್ಯಾಮರಿಗೂ ಗುಂಡಿನ ಹಿಂಭಾಗಕ್ಕೆ ಕುಟ್ಟೋ ಫೈರಿಂಗ್ ಪಿನ್ನಿಗೂ ಮಧ್ಯ ಉಕ್ಕಿನ ಅಡ್ಡ ಬರುತ್ತೆ, ಆಮೇಲೆ ಎತ್ತಿ ನಿಂತಿರೋ ಹ್ಯಾಮರ್ ತಾನಾಗೇ ಕೆಳಗೆ ಬೀಳುತ್ತೆ. ಚೇಂಬರಲ್ಲಿ, ಅಂದ್ರೆ ನಳಿಗೆಯ ಹಿಂತುದಿಲಿ ಗುಂಡು ಕೂರೋ ಜಾಗದಲ್ಲಿ, ಗುಂಡು ಇದ್ದಾಗ್ಲೂ ಬೀಳುತ್ತೆ! ಆ ಅಡ್ಡ ಸರಿಯಾಗಿ ಕೂತಿದ್ರೆ ಏನೂ ಆಗಲ್ಲ. ಸವೆದಿದ್ರೆ, ಕೊಳೆ ತುಂಬಿದ್ರೆ? 2009ರಲ್ಲಿ ಅಮೆರಿಕದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತಾನು ತಯಾರಿಸಿದ ಪಿಪಿಕೆಗಳನ್ನ ವಾಪಸ್ ಕರೆಸ್ಕೊಂಡಿದ್ದು ಇಂಥದ್ದೇ ಕಾರಣಕ್ಕೆ, ಹ್ಯಾಮರ್ ಇಳಿಸುವಾಗ ಟ್ರಿಗರ್ ಮುಟ್ಟದೇನೇ ಗುಂಡು ಹಾರೋ ಸಾಧ್ಯತೆ ಇತ್ತು. ಅದು ಹೊಸ ಪಿಸ್ತೂಲುಗಳ ಕಥೆ. ನಮ್ಮ ಬೀರುಗಳಲ್ಲಿ ಇರೋದರ ವಯಸ್ಸು ಎಪ್ಪತ್ತು ಎಂಬತ್ತು.

ಇನ್ನೊಂದು, ಲಿವರ್ ತಿರುಗೋ ದಿಕ್ಕು. ಪಿಪಿಲಿ ಕೆಳಗೆ ಅಂದ್ರೆ ಸೇಫ್, ಮೇಲೆ ಅಂದ್ರೆ ಫೈರ್. ಬೆರೆಟ್ಟಾ 92ಎಫ್‌ಎಸ್ ಪಿಸ್ತೂಲ್ ಕೂಡ ಹಾಗೇ. ಜಾನ್ ಬ್ರೌನಿಂಗ್ ಅಮೆರಿಕ ಸೇನೆಗೆ ಮಾಡಿದ, 1911 ಅನ್ನೋ ಹೆಸರಿನ ಪಿಸ್ತೂಲಲ್ಲಿ ಪೂರ್ತಿ ಉಲ್ಟಾ, ಮೇಲೆ ಅಂದ್ರೆ ಸೇಫ್, ಕೆಳಗೆ ಅಂದ್ರೆ ಫೈರ್. ನಮ್ಮ ಸೇನೆ ವರ್ಷಗಟ್ಟಲೆ ಬಳಸಿದ 9 ಎಂಎಂ 1ಎ ಪಿಸ್ತೂಲು ಇಶಾಪುರ ಫ್ಯಾಕ್ಟರಿಲಿ ತಯಾರಾದ ಬ್ರೌನಿಂಗ್ ಹೈ ಪವರ್, ಅದೂ 1911ರ ದಿಕ್ಕೇ. ಸರ್ವೀಸಲ್ಲಿ ಇಪ್ಪತ್ತು ವರ್ಷ ಅದನ್ನ ಕೆಳಗೆ ಒತ್ತಿ ರೂಢಿ ಆದ ಮನುಷ್ಯ ರಿಟೈರ್ ಆಗಿ ಬಂದು ವಾಲ್ಥರ್ ತಗೊಂಡ್ರೆ, ಗಾಬರಿಲಿ ಅವರ ಹೆಬ್ಬೆರಳು ಹಳೇ ಕೆಲಸಾನೇ ಮಾಡುತ್ತೆ, ಅಂದ್ರೆ ಬೇಕಾದ ಹೊತ್ತಲ್ಲಿ ಸೇಫ್ಟಿ ಹಾಕಿಬಿಡುತ್ತೆ. ಎರಡು ಆಯುಧ ಇಟ್ಕೊಂಡಿರೋರು ಎರಡೂ ಒಂದೇ ದಿಕ್ಕಿಗೆ ತಿರುಗೋದಾ ಅಂತ ಇವತ್ತೇ ತೆಗೆದು ನೋಡಿ, ದಯವಿಟ್ಟು.

1911ಗೆ ಆ ಹೆಬ್ಬೆರಳಿನ ಸೇಫ್ಟಿ ಬಂದಿದ್ದರ ಹಿಂದೆ ಒಂದು ಹಿನ್ನೆಲೆ ಇದೆ. ಅದಕ್ಕೂ ಮುಂಚಿನ 1910ರ ಮಾದರಿಲಿ ಹಿಡಿಕೆಯನ್ನ ಒತ್ತಿ ಹಿಡಿದ್ರೆ ಬಿಡುಗಡೆ ಆಗೋ ಗ್ರಿಪ್ ಸೇಫ್ಟಿ ಮಾತ್ರ ಇತ್ತು. ಕುದುರೆ ಸವಾರರು ಒಂದು ಕೈಲಿ ಲಗಾಮು ಹಿಡಿದಿರ್ತಾರೆ, ಕುದುರೆ ಎಗರಾಡ್ತಾ ಇರುತ್ತೆ, ಎತ್ತಿದ ಹ್ಯಾಮರ್ ಇರೋ ಪಿಸ್ತೂಲನ್ನ ಒಂದೇ ಕೈಯಲ್ಲಿ ಸುರಕ್ಷಿತವಾಗಿ ಚೀಲಕ್ಕೆ ವಾಪಸ್ ಹಾಕ್ಬೇಕು, ಅದಕ್ಕೆ ಏನಾದ್ರೂ ಮಾಡಿ ಅಂತ ಅಶ್ವದಳದ ಬೇಡಿಕೆ. ಗಮನಿಸಿ, ಆ ಲಿವರ್ ಹುಟ್ಟಿದ್ದೇ ಪಿಸ್ತೂಲನ್ನ ವಾಪಸ್ ಇಡೋ ಹೊತ್ತಿಗೋಸ್ಕರ. ಹೊರಗೆ ಎಳೆಯೋ ಹೊತ್ತಿನ ಚರ್ಚೆ ಆಮೇಲೆ ಸೇರ್ಕೊಂಡಿದ್ದು.

ಲಿವರ್ ಇಲ್ಲದ ಪಿಸ್ತೂಲು ಅಂದ್ರೆ ಎಲ್ಲರಿಗೂ ಗೊತ್ತಿರೋದು ಗ್ಲಾಕ್, 1982ರಲ್ಲಿ ಆಸ್ಟ್ರಿಯಾ ಸೇನೆ ತಗೊಂಡಿದ್ದು. ಅದರಲ್ಲಿ ಸೇಫ್ಟಿನೇ ಇಲ್ಲ ಅನ್ನೋದು ತಪ್ಪು, ಮೂರು ಇದೆ, ಎಲ್ಲ ಒಳಗೇ. ಟ್ರಿಗರ್ ಮಧ್ಯ ಒಂದು ಪುಟ್ಟ ನಾಲಿಗೆ, ಫೈರಿಂಗ್ ಪಿನ್ನಿಗೆ ಅಡ್ಡ, ಕೆಳಗೆ ಬಿದ್ರೆ ಹಾರದ ಹಾಗೆ ಇನ್ನೊಂದು. ಮೂರೂ ಟ್ರಿಗರ್ ಎಳೆದಾಗ ಒಟ್ಟಿಗೆ ಬಿಡುಗಡೆ ಆಗುತ್ತೆ, ಆ ಟ್ರಿಗರಿನ ಭಾರ ಸುಮಾರು ಎರಡೂವರೆ ಕೆಜಿ. ಬೆರಳು ಬಿಟ್ಟು ಬೇರೆ ಏನೇ ಸಿಕ್ಕಿಹಾಕ್ಕೊಂಡ್ರೂ, ಶರ್ಟಿನ ತುದಿ, ಜಾಕೆಟ್ಟಿನ ದಾರ, ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಅದನ್ನ ಇಟ್ಕೋಬೇಡಿ ಅಂತ ತಿಳಿದೋರು ಹೇಳೋದು. ಬಿಚ್ಚಿ ಕ್ಲೀನ್ ಮಾಡೋಕೆ ಮೊದಲು ಟ್ರಿಗರ್ ಎಳೀಲೇಬೇಕು, ಚೇಂಬರ್ ನೋಡದೆ ಎಳೆದು ಕೈ, ಕಾಲು, ಟಿವಿ ಹಾರಿಸ್ಕೊಂಡೋರು ಪ್ರಪಂಚದ ತುಂಬ ಇದ್ದಾರೆ. ಸಿಗ್ ಪಿ320 ಅನ್ನೋ ಪಿಸ್ತೂಲಿನ ವಿಷಯನೂ ನೋಡಿ, 2017ರಲ್ಲಿ ಅಮೆರಿಕ ಸೇನೆ ಅದನ್ನ ಆರಿಸ್ಕೊಂಡಾಗ ಹೆಬ್ಬೆರಳಿನ ಸೇಫ್ಟಿ ಬೇಕೇಬೇಕು ಅಂತ ಹಾಕಿಸ್ಕೊಳ್ತು, ಹೊರಗೆ ಮಾರೋದ್ರಲ್ಲಿ ಹೆಚ್ಚಿನವಕ್ಕೆ ಅದು ಇರಲಿಲ್ಲ, ಅದೇ ವರ್ಷ ಒಂದು ಕೋನದಲ್ಲಿ ನೆಲಕ್ಕೆ ಬಿದ್ರೆ ಗುಂಡು ಹಾರುತ್ತೆ ಅಂತ ಗೊತ್ತಾಗಿ ಕಂಪನಿ ಟ್ರಿಗರ್ ಬದಲಾಯಿಸಿಕೊಡೋಕೆ ಮುಂದಾಯ್ತು.

ಈಗ ಖಾಲಿ ಮಾಡೋ ವಿಷಯಕ್ಕೆ ಬರ್ತೀನಿ, ನನಗೆ ಮುಖ್ಯ ಇದೇ. ಮನೆಗಳಲ್ಲಿ ಗುಂಡು ಹಾರೋದು ಸಾಮಾನ್ಯವಾಗಿ ಒಂದೇ ರೀತಿ. ಹಿಡಿಕೆಯೊಳಗೆ ಗುಂಡು ತುಂಬಿರೋ ಮ್ಯಾಗಜಿನ್ ತೆಗೆದ್ರು, ಖಾಲಿ ಆಯ್ತು ಅಂದ್ಕೊಂಡ್ರು, ಚೇಂಬರಲ್ಲಿ ಒಂದು ಉಳಿದಿತ್ತು. ಅಥವಾ ಉಲ್ಟಾ ಮಾಡಿದ್ರು, ಮೊದಲು ಸ್ಲೈಡ್ ಎಳೆದ್ರು, ಒಂದು ಗುಂಡು ಹೊರಗೆ ಹಾರಿ ಹಾಸಿಗೆ ಮೇಲೆ ಬಿತ್ತು, ಸಮಾಧಾನ ಆಯ್ತು, ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜಿನ್ನಿಂದ ಇನ್ನೊಂದು ಒಳಗೆ ಹೋಗಿ ಕೂತಿದ್ದು ಗೊತ್ತಾಗಲಿಲ್ಲ, ಆಮೇಲೆ ಮ್ಯಾಗಜಿನ್ ತೆಗೆದು ಟ್ರಿಗರ್ ಎಳೆದ್ರು. ಈ ಹೊತ್ತಲ್ಲಿ ಲಿವರ್ ಸಹಾಯ ಮಾಡುತ್ತಾ ಅನ್ನೋದು ಯಾವ ಪಿಸ್ತೂಲು ಅನ್ನೋದರ ಮೇಲಿದೆ, ಇದನ್ನ ಅಂಗಡಿಲಿ ಯಾರೂ ಹೇಳಲ್ಲ. 1911ರಲ್ಲಿ ಸೇಫ್ಟಿ ಹಾಕಿದ್ರೆ ಸ್ಲೈಡೂ ಲಾಕ್ ಆಗುತ್ತೆ, ಎಳೆಯೋಕಾಗಲ್ಲ. ಅಂದ್ರೆ ಖಾಲಿ ಮಾಡೋಕೆ ಸೇಫ್ಟಿ ತೆಗೀಲೇಬೇಕು, ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಲ್ಲೇ ಅದು ಇರಲ್ಲ! ವಾಲ್ಥರ್ ಪಿಪಿಲಿ, ಬೆರೆಟ್ಟಾ 92ಎಫ್‌ಎಸ್‌ನಲ್ಲಿ ಲಿವರ್ ಸ್ಲೈಡ್ ಮೇಲೇ ಇರೋದ್ರಿಂದ ಸೇಫ್ಟಿ ಹಾಕೇ ಸ್ಲೈಡ್ ಎಳೀಬಹುದು, ಗುಂಡು ತೆಗೀಬಹುದು, ಅಷ್ಟು ಹೊತ್ತೂ ಅಡ್ಡ ಇದ್ದೇ ಇರುತ್ತೆ. ಹೊರಗೆ ಎಳೆದು ಹಾರಿಸೋ ವಾದದಲ್ಲಿ ಎಲ್ಲರೂ ಹಳಿಯೋ ಲಿವರ್ ಇದು, ಬೆರಳಿಗೆ ಸಿಗಲ್ಲ, ಸ್ಲೈಡ್ ಎಳೆಯುವಾಗ ತಾನಾಗೇ ಸೇಫ್ ಕಡೆ ಹೋಗಿಬಿಡುತ್ತೆ ಅಂತ. ಖಾಲಿ ಮಾಡೋ ವಾದದಲ್ಲಿ ಇದೇ ಮೇಲು. ನಮ್ಮ ಊರಿನ ಬಳಕೆಗೆ ನಾನು ಎರಡನೇ ವಾದಕ್ಕೇ ಜಾಸ್ತಿ ತೂಕ ಕೊಡ್ತೀನಿ, ಕಣ್ಣು ಮುಚ್ಕೊಂಡು ಕೊಡ್ತೀನಿ.

ಪಿಪಿಲಿ ಇನ್ನೊಂದು ಚಂದದ ವ್ಯವಸ್ಥೆ ಇದೆ. ಚೇಂಬರಲ್ಲಿ ಗುಂಡು ಇದ್ರೆ ಹ್ಯಾಮರಿನ ಮೇಲ್ಗಡೆ ಒಂದು ಪುಟ್ಟ ಕಡ್ಡಿ ಹೊರಗೆ ಬರುತ್ತೆ, ಕತ್ತಲಲ್ಲೂ ಬೆರಳಿಗೆ ತಾಗುತ್ತೆ. ಅದನ್ನ ನಂಬಿ ಬಿಡಿ ಅಂತ ಹೇಳ್ತಿಲ್ಲ, ಕಣ್ಣಲ್ಲಿ ನೋಡ್ಬೇಕು, ಕಿರುಬೆರಳು ಹಾಕಿ ಮುಟ್ಟಿ ನೋಡ್ಬೇಕು.

ಶೂಟಿಂಗ್ ರೇಂಜಲ್ಲಿ ಬೆಳೆದೋರಿಗೆ ಇದು ರಕ್ತಗತ ಆಗಿರುತ್ತೆ. ನಾವು ಬಳಸ್ತಿದ್ದ ಪಿಸ್ತೂಲುಗಳಲ್ಲಿ ಹೆಬ್ಬೆರಳಿನ ಸೇಫ್ಟಿ ಇದೆಯಾ ಇಲ್ವಾ ಅಂತ ಯಾರೂ ಕೇಳ್ತಾನೇ ಇರಲಿಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಚೇಂಬರೊಳಗೆ ಕಿತ್ತಳೆ ಬಣ್ಣದ ಸೇಫ್ಟಿ ಫ್ಲಾಗ್ ಹಾಕಿಡ್ಬೇಕು, ದೂರದಲ್ಲಿ ನಿಂತ ಆಫೀಸರಿಗೂ ಕಾಣ್ಬೇಕು, ಕಾಣ್ತಿಲ್ಲ ಅಂದ್ರೆ ಅದು ತುಂಬಿದೆ ಅಂತಲೇ ಲೆಕ್ಕ. ನಳಿಗೆ ಯಾವಾಗ್ಲೂ ಗುರಿ ಕಡೆ. ಕೊಡಗಿನ ಮನೆಗಳಲ್ಲೂ ನಾನು ಅದೇ ಶಿಸ್ತು ನೋಡಿದೀನಿ, ಅಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಅನ್ನೋ ಆಯುಧ ಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಇಟ್ಟು ಪೂಜೆ ಮಾಡ್ತಾರೆ. ತೋಟದಿಂದ ಬರೋ ಹಿರಿಯರು ಜೋಡಿ ನಳಿಗೆ ಕೋವಿಯನ್ನ ಮುರಿದು, ಅಂದ್ರೆ ನಳಿಗೆ ಬಾಗಿಸಿ ತೋಳ ಮೇಲೆ ಹಾಕ್ಕೊಂಡೇ ಅಂಗಳಕ್ಕೆ ಬರೋದು. ಎದುರಿಗೆ ಇರೋನಿಗೆ ಎರಡೂ ನಳಿಗೆಯಿಂದ ಬೆಳಕು ಕಾಣುತ್ತೆ. ಅಂಥ ಕೋವಿಗಳ ಮೇಲೆ ಇರೋ ಸೇಫ್ಟಿ ಬಹುಪಾಲು ಟ್ರಿಗರನ್ನ ಮಾತ್ರ ಹಿಡಿಯುತ್ತೆ, ಒಳಗಿನ ಹ್ಯಾಮರನ್ನಲ್ಲ, ಅದು ಅವರಿಗೆ ಗೊತ್ತು, ಅದಕ್ಕೇ ಅದನ್ನ ನಂಬಲ್ಲ.

ಮಾವನ ಹತ್ರ ಇದೆಲ್ಲ ಮಾತಾಡಿದೆ. ಅವರು ಎಡಚರು. ಲಿವರ್ ಇರೋದು ಎಡಗಡೆ, ಎಡಗೈಲಿ ಹಿಡಿದ್ರೆ ಹೆಬ್ಬೆರಳು ಬಲಗಡೆ ಇರುತ್ತೆ, ಹಿಡಿತ ಸಡಿಲ ಮಾಡಿ ತೋರುಬೆರಳನ್ನ ಹಿಂದಕ್ಕೆ ಮಡಚಿದ್ರೆ ಮಾತ್ರ ಲಿವರ್ ಸಿಗೋದು. ಅಂದ್ರೆ ಸೇಫ್ಟಿ ಹಾಕಿ ಸೊಂಟದಲ್ಲಿ ಇಟ್ಕೊಂಡ್ರೆ ಆಪತ್ತಲ್ಲಿ ಅವರಿಗೆ ಅದನ್ನ ಒಂದೇ ಕೈಲಿ ತೆಗೆಯೋಕಾಗಲ್ಲ. ನಾನು ಹೇಳಿದೆ, "ಮಾವ, ಹೊರಗೆ ಹೋಗುವಾಗ ಚೇಂಬರ್ ಖಾಲಿ ಇಡಿ, ಮ್ಯಾಗಜಿನ್ ಮಾತ್ರ ತುಂಬಿರಲಿ. ಲಿವರ್ ಮೇಲಿರಲಿ. ಬೇಕಾದ್ರೆ ಸ್ಲೈಡ್ ಎಳೀರಿ."

"ಕಳ್ಳ ಚಾಕು ಹಿಡ್ಕೊಂಡು ನಿಂತಿರುವಾಗ ಸ್ಲೈಡ್ ಎಳೀತಾ ನಿಂತ್ಕೊಳ್ಲಾ? ಒಂದು ಕೈಲಿ ಬ್ಯಾಗ್ ಬೇರೆ ಇರುತ್ತೆ ಕಣೇ."

"ಬ್ಯಾಗ್ ಬಿಟ್ಬಿಡಿ ಮಾವ."

"ಅಯ್ಯೋ, ಬ್ಯಾಗಿಗೋಸ್ಕರಾನೇ ಅಲ್ವೇನೇ ಇದನ್ನ ಇಟ್ಕೊಂಡಿರೋದು!"

ಅವರ ಮಾತಲ್ಲಿ ನ್ಯಾಯ ಇದೆ. ಇಸ್ರೇಲಿನೋರು ಹೇಳಿಕೊಡೋ ರೀತಿ ಇದೇ, ಚೇಂಬರ್ ಖಾಲಿ, ಸೊಂಟದಿಂದ ಎಳೆಯುವಾಗಲೇ ಸ್ಲೈಡ್ ಹಿಂದಕ್ಕೆ, ಆದ್ರೆ ಅದಕ್ಕೆ ಎರಡೂ ಕೈ ಬೇಕು, ಒಂದು ಕೈಗೆ ಪೆಟ್ಟಾಗಿದ್ರೆ, ಯಾರೋ ಮೈಮೇಲೆ ಬಿದ್ದಿದ್ರೆ ಆಗಲ್ಲ. ಆ ಅನನುಕೂಲ ಇದ್ದೇ ಇದೆ. ಮಾವ ಕೊನೇ ಸಲ ಗುಂಡು ಹಾರಿಸಿದ್ದು ಯಾವಾಗ ಅಂತ ಕೇಳಿದ್ರೆ ಅವರಿಗೆ ನೆನಪಿಲ್ಲ. ಅತ್ತೆ ಅಡುಗೆಮನೆಯಿಂದಲೇ "ರಾತ್ರಿ ಅದನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಾರೆ, ಮೊಮ್ಮಗ ಬೆಳಗ್ಗೆ ಎದ್ದು ಹಾಸಿಗೆ ಮೇಲೆ ಹತ್ತುತ್ತೆ" ಅಂದ್ರು. ಅಲ್ಲಿಗೆ ನನ್ನ ಮಟ್ಟಿಗೆ ತೂಕ ಯಾವ ಕಡೆ ಅಂತ ತೀರ್ಮಾನ ಆಯ್ತು. ಬೀದಿಲಿ ಕಳ್ಳ ಸಿಗೋದು ಯಾವತ್ತೋ, ಸಿಗದೇನೂ ಇರಬಹುದು, ಮೊಮ್ಮಗ ದಿನಾ ಹಾಸಿಗೆ ಹತ್ತೋದು ಖಂಡಿತ. ಮಗುವಿನ ಕೈ ಲಿವರನ್ನ ಆಟದ ಸಾಮಾನಿನ ಸ್ವಿಚ್ ಥರ ಮೇಲೆ ಕೆಳಗೆ ಮಾಡುತ್ತೆ, ಎರಡು ನಿಮಿಷಕ್ಕೆ ಕಲಿತುಬಿಡುತ್ತೆ. ಚೇಂಬರಿಗೆ ಗುಂಡು ತರೋಕೆ ಸ್ಲೈಡ್ ಎಳೀಬೇಕು, ಆ ಸ್ಪ್ರಿಂಗ್ ನನಗೇ ಗಟ್ಟಿ ಅನ್ಸುತ್ತೆ. ಅದಕ್ಕೂ ಮೇಲೆ, ಮನೇಲಿ ಇದ್ದಾಗ ಅದು ಬೀಗ ಹಾಕಿದ ಲಾಕರಲ್ಲಿ ಇರ್ಬೇಕು, ಗುಂಡು ಬೇರೆ ಕಡೆ. ಇದರಲ್ಲಿ ರಾಜಿ ಇಲ್ಲ ಅಂತ ಅತ್ತೆ ಎದುರಿಗೇ ಹೇಳಿದೆ.

ರಿವಾಲ್ವರ್ ತಗೊಂಡ್ರೆ ಈ ಲಾಕಿನ ತಲೆನೋವೇ ಇಲ್ವಲ್ಲ ಅಂತ ಮಾವ ಕೇಳಿದ್ರು. 2014ರಲ್ಲಿ ಕಾನ್ಪುರದ ಸರ್ಕಾರಿ ಫ್ಯಾಕ್ಟರಿ ಹೆಂಗಸರಿಗೆ ಅಂತ ಬಿಟ್ಟ .32 ನಿರ್ಭೀಕ್ ರಿವಾಲ್ವರ್ ತೂಕ ಬರೀ ಅರ್ಧ ಕೆಜಿ, ಅಂಥದ್ದೊಂದು ಸಿಕ್ಕಿದ್ರೆ ಹಗುರ ಅಂತ ಅವರ ಲೆಕ್ಕ. ಆದ್ರೆ 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈಯಲ್ಲಿ ನಟ ಗೋವಿಂದ ಅವರಿಗೆ ಆಗಿದ್ದು ನೆನಪಿದೆಯಲ್ಲ, ಊರಿಗೆ ಹೊರಟವರು ಲೈಸೆನ್ಸ್ ಇದ್ದ ರಿವಾಲ್ವರನ್ನ ಬೀರುವಿನಲ್ಲಿ ಇಡೋಕೆ ಹೋದಾಗ ಕೈಜಾರಿ ಬಿದ್ದು ಗುಂಡು ಕಾಲಿಗೆ ಹೊಕ್ಕಿತು ಅಂತ ಪತ್ರಿಕೆಗಳಲ್ಲಿ ಬಂತು. ಅಲ್ಲೂ ಆಗಿದ್ದು ಇಡೋ ಹೊತ್ತಲ್ಲಿ. ಹೊಸ ರಿವಾಲ್ವರುಗಳಲ್ಲಿ ಟ್ರಿಗರ್ ಪೂರ್ತಿ ಎಳೀದೇ ಹ್ಯಾಮರ್ ಪಿನ್ನಿಗೆ ಮುಟ್ಟದ ಹಾಗೆ ಒಳಗೆ ಅಡ್ಡಪಟ್ಟಿ ಇರುತ್ತೆ. ಹಳೇ ಕಾಲದವಕ್ಕೆ ಅದು ಇರಲ್ಲ, ಅದಕ್ಕೇ ಆಗಿನೋರು ಗುಂಡು ಕೂರೋ ಆರು ಕೋಣೆಲಿ ಹ್ಯಾಮರ್ ಕೆಳಗಿನ ಒಂದನ್ನ ಖಾಲಿ ಬಿಟ್ಟು ಐದೇ ಗುಂಡು ತುಂಬ್ತಾ ಇದ್ರು.

ಕೊನೆಗೆ ಮಾವನ ಮನೆ ಟೆರೇಸಲ್ಲಿ ಒಂದು ವ್ಯವಸ್ಥೆ ಮಾಡಿದ್ವಿ. ಪಕ್ಕದ ಕಟ್ಟಡದ ಕೆಲಸದೋರ ಹತ್ರ ಕೇಳಿ ದೊಡ್ಡ ಬಕೆಟ್ ತುಂಬ ಎಂ-ಸ್ಯಾಂಡ್ ತಂದು ಮೂಲೇಲಿ ಇಟ್ವಿ. ಪೊಲೀಸ್ ಶಸ್ತ್ರಾಗಾರಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟಿರೋದು ಇದಕ್ಕೇ. ನಳಿಗೆ ಮರಳಿನ ಕಡೆ, ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ಲಿವರ್ ಕೆಳಗೆ, ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಎರಡು ಮೂರು ಸಲ, ಸ್ಲೈಡ್ ಹಿಂದೆ ಹಿಡಿದು ಕಣ್ಣು, ಆಮೇಲೆ ಕಿರುಬೆರಳು. ಮಾವ ಎಡಗೈಲಿ ಹಿಡಿದು ಬಲಗೈಲಿ ಲಿವರ್ ಒತ್ತುತ್ತಾರೆ. ಇಲ್ಲಿ ಯಾರೂ ಮೈಮೇಲೆ ಬೀಳ್ತಿಲ್ಲ, ಎರಡು ಕೈ ಇದೆ, ಟೈಮ್ ಇದೆ, ಹಾಗಾಗಿ ಎಡಚರಿಗೂ ಈ ಲಿವರ್ ಸರಿಯಾಗೇ ಕೆಲಸ ಮಾಡುತ್ತೆ. ಖಾಲಿ ಇರೋ ಪಿಸ್ತೂಲಲ್ಲೇ ಅಭ್ಯಾಸ ಮಾಡಿಸಿದೆ, ಗುಂಡಿನ ಡಬ್ಬಿ ಕೆಳಗಿನ ರೂಮಲ್ಲಿ ಅತ್ತೆ ಹತ್ರ.

ಆ ಬಿಗಿಯಾದ ಲಿವರನ್ನ ಮಾತ್ರ ನಾನು ಮುಟ್ಟಲಿಲ್ಲ. ಬ್ರಷ್ ಹಾಕಿ ಕುಂಕುಮ ತೆಗೀಬಹುದು, ಒಳಗಿನ ಅಡ್ಡ ಎಷ್ಟು ಸವೆದಿದೆ ಅಂತ ಹೇಳೋಕೆ ಆರ್ಮರರೇ (ಬಂದೂಕು ರಿಪೇರಿ ಮಾಡೋ ತಜ್ಞರೇ) ಬೇಕು, ಲೈಸೆನ್ಸ್ ಇರೋ ಡೀಲರ್ ಹತ್ರ ಬಿಚ್ಚಿಸಿ ನೋಡಿಸ್ಬೇಕು. ಇದನ್ನ ವರ್ಷಕ್ಕೊಮ್ಮೆ ಎಲ್ಲರೂ ಮಾಡಿಸ್ಬೇಕು, ಅದರಲ್ಲೂ ಎಲೆಕ್ಷನ್ ಹೊತ್ತಲ್ಲಿ ಪಿಸ್ತೂಲನ್ನ ಸ್ಟೇಷನ್ನಿಗೋ ಡೀಲರಿಗೋ ಒಪ್ಪಿಸಿಟ್ಟು ವಾಪಸ್ ತಂದ್ಮೇಲೆ. 2024ರ ಏಪ್ರಿಲ್ 26ಕ್ಕೆ ಬೆಂಗಳೂರಲ್ಲಿ ಓಟು ಇತ್ತಲ್ಲ, ಅದಕ್ಕೂ ಮುಂಚೆ ಸ್ಟೇಷನ್ನಿಗೋ ಡೀಲರ್ ಹತ್ರಾನೋ ಕೊಟ್ಟ ಪಿಸ್ತೂಲುಗಳು ಫಲಿತಾಂಶ ಬಂದ್ಮೇಲೇ ಕೈಗೆ ಬಂದಿದ್ದು, ಅಷ್ಟು ದಿನ ಒಂದೇ ಕಡೆ ಕೂತು ಎಣ್ಣೆ ಒಣಗಿರುತ್ತೆ. ವಾಪಸ್ ತಗೊಳ್ಳುವಾಗ ಅಲ್ಲೇ ಚೇಂಬರ್ ತೆರೆದು ತೋರಿಸಿ ಅಂತ ಕೇಳಿ, ನೀವೂ ನೋಡಿ, ಸಿಬ್ಬಂದಿನೂ ನೋಡ್ಲಿ, ಮನೆಗೆ ತಂದು ಖಾಲಿ ಇದ್ದಾಗಲೇ ಲಿವರ್ ಪೂರ್ತಿ ಕೂರುತ್ತಾ ಅಂತ ಪರೀಕ್ಷೆ ಮಾಡಿ. ಮಾವನದ್ದು ಆರ್ಮರರ್ ಹತ್ರ ಇದೆ ಈಗ. ಅಡ್ಡ ಸವೆದಿದೆ ಅಂತ ಅವರು ಹೇಳಿದ್ರೆ, ಅಷ್ಟು ಹಳೇ ಮಾಡೆಲ್ಲಿಗೆ ಬಿಡಿಭಾಗ ಸಿಗೋದು ಕಷ್ಟ, ಆ ಪಿಸ್ತೂಲನ್ನ ಸರೆಂಡರ್ ಮಾಡಿಬಿಡಿ, ಮಾಲನ್ನ ಕೊರಿಯರ್ ಗಾಡಿಲಿ ಕಳ್ಸಿ ಅಂತ ಹೇಳಿದೀನಿ, ಮಾವ ಇನ್ನೂ ಹೂಂ ಅಂದಿಲ್ಲ.